ಜೊತೆಗೂಡಿದ ಸಾಧನೆ ಯಾರದು?

ದಶಲಕ್ಷಣ ಪರ್ವದಲ್ಲಿ ನಮ್ಮ ಮಹಾಗಾಂವದ ಮನೆಯೊಂದರಲ್ಲಿ ಎಲ್ಲರೂ ಒಟ್ಟಿಗೆ ಉಪವಾಸ ಕೈಗೊಂಡರೂ ಹಸಿವು ಅವರವರದೇ. ಏಕತ್ವ ಭಾವನೆಯ ಉಪದೇಶವೂ ಅದೇ. ಹಾಗಾದರೆ ಒಬ್ಬರ ಸಾಧನೆಯಲ್ಲಿ ಇನ್ನೊಬ್ಬರಿಗೆ ಪಾಲುಂಟೆ?

ಅಮೆರಿಕದ ಡಿಕ್ ಹಾಯ್ಟ್ 1989ರಲ್ಲಿ ಹವಾಯಿ ದ್ವೀಪದ ಐರನ್‌ಮ್ಯಾನ್ ಸ್ಪರ್ಧೆಯನ್ನು ಮಗ ರಿಕ್‌ನೊಡನೆ ಪೂರೈಸಿದರು. ಹುಟ್ಟಿನಿಂದ ಕೈಕಾಲುಗಳ ಸ್ವಾಧೀನವಿಲ್ಲದ ಮಗನನ್ನು ದೋಣಿಯಲ್ಲಿ ಮಲಗಿಸಿ, ಅದನ್ನೆಳೆಯುತ್ತ ಸಮುದ್ರದಲ್ಲಿ 3.8 ಕಿ.ಮೀ. ಈಜಿದರು; ಸೈಕಲ್ಲಿನ ಮುಂದೆ ಕೂರಿಸಿಕೊಂಡು 180 ಕಿ.ಮೀ. ತುಳಿದರು, ಗಾಲಿಕುರ್ಚಿಯನ್ನು ತಳ್ಳುತ್ತ 42 ಕಿ.ಮೀ. ಓಡಿದರು. ಕ್ರೀಡೆ ತಪಸ್ಸಲ್ಲ, ನಿಜ; ಆದರೂ ಪ್ರಶ್ನೆ ಒಂದೇ.

ದಣಿದ ದೇಹ ತಂದೆಯದು. ಆದರೆ 1977ರಲ್ಲಿ ಮೊದಲ ಓಟಕ್ಕೆ ಹೋಗೋಣವೆಂದು ಹಟ ಹಿಡಿದವನು ಮಗ. ಕೃತ, ಕಾರಿತ, ಅನುಮೋದಿತಗಳನ್ನು ನಾವು ಪಾಪದ ಲೆಕ್ಕಕ್ಕೇ ಹೆಚ್ಚಾಗಿ ಬಳಸುತ್ತೇವೆ. ಇಲ್ಲಿ ತಂದೆ ಮಾಡಿದವರು, ಮಗ ಮಾಡಿಸಿದವನು. ಹಗಲಿಡೀ ಬಿಸಿಲಲ್ಲಿ ಕುಳಿತವನ ಸಹನೆ ತುಳಿದವರದಕ್ಕಿಂತ ಕಿರಿದೆಂದು ನಾನಂತೂ ಹೇಳಲಾರೆ.