ರಾಮ ಹಿಂದಿರುಗಲಿಲ್ಲ, ಭರತ ಮಾಡಿದ್ದೇನು?



ಕೆಟ್ಟ ಕೆಲಸಕ್ಕೆ ವಿಘ್ನ ಬಂದರೆ ಯಾರಿಗೂ ಆಶ್ಚರ್ಯವಿಲ್ಲ. ಒಳ್ಳೆಯ ಕೆಲಸಕ್ಕೆ ಅಡ್ಡಿ ಬಂದಾಗಲೇ ನಂಬಿಕೆ ಅಲುಗಾಡುವುದು. 2020ರ ಮಾರ್ಚ್ 25ರಂದು ಕೀನ್ಯಾ ಅಂತರರಾಷ್ಟ್ರೀಯ ಪ್ರಯಾಣಿಕ ವಿಮಾನಗಳನ್ನು ನಿಲ್ಲಿಸಿತು; ಅವು ಮತ್ತೆ ಆರಂಭವಾದದ್ದು ಆಗಸ್ಟ್ 1ಕ್ಕೆ. ಏಪ್ರಿಲ್ 6ರಿಂದ ಜುಲೈ 7ರವರೆಗೆ ನೈರೋಬಿಯ ಗಡಿ ದಾಟುವುದಕ್ಕೂ ತಡೆಯಿತ್ತು. ಸೌತ್ ಬಿಯಲ್ಲಿ ಕುಳಿತವರಿಗೆ ಊರು ಎಂದೂ ಇಲ್ಲದಷ್ಟು ದೂರವಾಯಿತು. ಉಪನಯನ, ಮದುವೆಗಳ ಮಾತು ಹಾಗಿರಲಿ, ಹೆತ್ತವರ ಅಂತ್ಯಕ್ರಿಯೆಯನ್ನೂ ಫೋನಿನಲ್ಲೇ ನೋಡಿ ಅತ್ತವರು ಪರದೇಶದ ನಮ್ಮವರಲ್ಲಿ ಎಷ್ಟೋ ಮಂದಿ. "ಆಗುವುದೆಲ್ಲಾ ಒಳ್ಳೆಯದಕ್ಕೇ" ಎಂಬ ಮಾತು ಅವರ ಎದೆಯ ಭಾರವನ್ನು ಇಳಿಸಲಾರದು. ಹಾಗಾದರೆ ದೇವರನ್ನು ನಂಬುವುದೆಂದರೇನು?

ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಶ್ರೀಕೃಷ್ಣನು ಯಾವುದೇ ಕಾರ್ಯಕ್ಕೆ ಐದು ಕಾರಣಗಳನ್ನು ಹೇಳುತ್ತಾನೆ: ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ ಮತ್ತು ದೈವ. ದೈವವು ಐದನೆಯದು. ಉಳಿದ ನಾಲ್ಕನ್ನು ಬಿಟ್ಟು "ದೇವರಿಚ್ಛೆ" ಎಂದು ಕೂರುವುದು ಸೋಮಾರಿತನ. ನಾಲ್ಕೂ ನನ್ನ ಕೈಯಲ್ಲಿವೆ, ಆದ್ದರಿಂದ ಫಲ ಬರಲೇಬೇಕು ಎನ್ನುವುದು ಅಹಂಕಾರ. ಎಷ್ಟೇ ಒಳ್ಳೆಯ ಯೋಜನೆಯಾದರೂ ಐದನೆಯದು ನಮ್ಮ ಲೆಕ್ಕಕ್ಕೆ ಸಿಕ್ಕುವುದಿಲ್ಲ.

ರಾಮಾಯಣದಲ್ಲಿ ಭರತನ ಯೋಜನೆಗಿಂತ ಶುದ್ಧವಾದದ್ದು ಯಾವುದಿದೆ? ಅಣ್ಣನಿಗೆ ರಾಜ್ಯವನ್ನು ಒಪ್ಪಿಸಲು ಅವನು ತಾಯಂದಿರನ್ನೂ ವಸಿಷ್ಠರನ್ನೂ ಸೈನ್ಯವನ್ನೂ ಕರೆದುಕೊಂಡು, ಪಟ್ಟಾಭಿಷೇಕದ ಸಾಮಗ್ರಿಗಳೊಡನೆ ಚಿತ್ರಕೂಟಕ್ಕೆ ಹೋದ. ಬೇಡಿದ, ವಾದಿಸಿದ, ಕೊನೆಗೆ ದರ್ಭೆ ಹಾಸಿ ಉಪವಾಸ ಮಲಗಿದ. ಆದರೂ ರಾಮ ಒಪ್ಪಲಿಲ್ಲ. ಒಳ್ಳೆಯ ಯೋಜನೆಯನ್ನು ತಡೆದವನು ಇಲ್ಲಿ ಸಾಕ್ಷಾತ್ ಭಗವಂತನೇ! ಭರತ ಮುನಿಸಿಕೊಳ್ಳಲಿಲ್ಲ, ರಾಜ್ಯವನ್ನು ಅನಾಥವಾಗಿ ಬಿಡಲೂ ಇಲ್ಲ. ಪಾದುಕೆಗಳನ್ನು ಬೇಡಿ ಪಡೆದು, ತಲೆಯ ಮೇಲಿಟ್ಟುಕೊಂಡು ಬಂದು, ನಂದಿಗ್ರಾಮದಲ್ಲಿ ಹದಿನಾಲ್ಕು ವರ್ಷ ಅವುಗಳ ಹೆಸರಿನಲ್ಲಿ ರಾಜ್ಯವಾಳಿದ. ರಾಮ ಹಿಂದಿರುಗಿದಾಗ, ನಿನ್ನ ತೇಜಸ್ಸಿನಿಂದ ಬೊಕ್ಕಸ ಹತ್ತು ಪಟ್ಟಾಗಿದೆ ಎಂದು ಲೆಕ್ಕ ಒಪ್ಪಿಸಿದ.

ನಮಗೆ ಹೆಚ್ಚು ಪರಿಚಿತವಾದದ್ದು ಕನಕದಾಸರ ಕಥೆ. ಉಡುಪಿಯಲ್ಲಿ ಒಳಗೆ ಬಿಡದಿದ್ದಾಗ ಅವರು ಹೊರಗೆ ನಿಂತು ಹಾಡಿದರು, ಗೋಡೆ ಬಿರಿದು ಶ್ರೀಕೃಷ್ಣ ಪಶ್ಚಿಮಕ್ಕೆ ತಿರುಗಿ ದರ್ಶನವಿತ್ತ ಎಂಬುದು ಪ್ರತೀತಿ. ಅಲ್ಲಿ ತಡೆದವರು ಮನುಷ್ಯರು. ಆ ತಡೆಯನ್ನು ದೇವರ ಇಚ್ಛೆ ಎಂದು ಹೇಳಲಾಗದು, ಕೃಷ್ಣನೇ ಅದನ್ನು ಒಪ್ಪಲಿಲ್ಲ. ಕನಕರಿಗಾಗಿ ದೇವರು ತಿರುಗಿದ, ಭರತನಿಗಾಗಿ ತಿರುಗಲಿಲ್ಲ. ಭಕ್ತಿ ಮಾತ್ರ ಇಬ್ಬರದೂ ಒಂದೇ ತೂಕದ್ದು. ಗೋಡೆ ಬಿರಿದರೆ ಮಾತ್ರ ನಂಬುತ್ತೇನೆ ಎನ್ನುವುದು ವ್ಯಾಪಾರವಾದೀತು.

ವರ್ಕ್ ಪರ್ಮಿಟ್ ಬಾರದಿರಬಹುದು, ಮಗಳಿಗೆ ಬಯಸಿದ ಸೀಟು ಸಿಗದಿರಬಹುದು, ಊರಿನ ಕಾರ್ಯಕ್ಕೆ ಹೋಗಲಾಗದಿರಬಹುದು. ಮಾಡಬೇಕಾದ ಪ್ರಯತ್ನವನ್ನೆಲ್ಲಾ ಮಾಡೋಣ. ದೇವರನ್ನು ಕೇಳೋಣ, ಬೇಕಾದರೆ ಭರತನಂತೆ ಹಟವನ್ನೂ ಹಿಡಿಯೋಣ. ಅದೂ ಭಕ್ತಿಯೇ. ಅದಾದ ಮೇಲೂ ಬಾಗಿಲು ತೆರೆಯದಿದ್ದರೆ, "ಏಕೆ ಹೀಗಾಯಿತು?" ಎಂಬುದಕ್ಕೆ ಉತ್ತರ ಸಿಗದೆಯೂ ಇರಬಹುದು. "ಈಗ ನನ್ನ ಪಾಲಿನ ಪಾದುಕೆ ಯಾವುದು?" ಎಂಬುದಕ್ಕೆ ಉತ್ತರ ಯಾವಾಗಲೂ ಇರುತ್ತದೆ. ಅಂತ್ಯಕ್ರಿಯೆಗೆ ಹೋಗಲಾಗದವರಿಗೆ ವರ್ಷಾಬ್ದಿಕ ಉಳಿದಿದೆ, ಊರಿನಲ್ಲಿ ಒಂಟಿಯಾದ ತಾಯಿಗೆ ದಿನವೂ ಮಾಡುವ ಫೋನ್ ಉಳಿದಿದೆ, ಪಕ್ಕದ ಮನೆಯ ದುಃಖಿಗೆ ಒಯ್ಯುವ ಊಟ ಉಳಿದಿದೆ. ಕೈಗೆ ಬಂದ ಈ ಚಿಕ್ಕ ಕರ್ತವ್ಯವನ್ನು ಅವನ ಹೆಸರಿನಲ್ಲಿ ಮಾಡುತ್ತಾ ಹೋಗುವುದೇ ನಂಬಿಕೆ.

ಆ ಸ್ಥೈರ್ಯವನ್ನು ಭಗವಂತನು ನಮ್ಮೆಲ್ಲರಿಗೂ ಕರುಣಿಸಲಿ.

ಶ್ರೀಕೃಷ್ಣಾರ್ಪಣಮಸ್ತು.