ಹುಣ್ಣಿಮೆಯ ಮೇಲಿನ ಆರೋಪ

ಎಲ್ಲಿಯಾದರೂ ಭೂಮಿ ನಡುಗಿತೆಂಬ ಸುದ್ದಿ ಬಂದರೆ ಕೂಡಲೆ ಪಂಚಾಂಗ ತೆಗೆದು ತಿಥಿ ನೋಡುವವರು ನಮ್ಮಲ್ಲಿ ಈಗಲೂ ಇದ್ದಾರೆ. 1934ರ ಜನವರಿ 15ರಂದು ಬಿಹಾರ ನಡುಗಿದಾಗ ಅಮಾವಾಸ್ಯೆ. 2004ರ ಡಿಸೆಂಬರ್ 26ರಂದು ಸುಮಾತ್ರದ ಬಳಿ ಕಡಲ ತಳ ಬಿರಿದಾಗ ಹುಣ್ಣಿಮೆ. ಇಷ್ಟು ಸಾಕ್ಷಿ ಸಿಕ್ಕ ಮೇಲೆ ಚಂದ್ರನನ್ನು ಕಟಕಟೆಯಲ್ಲಿ ನಿಲ್ಲಿಸಲು ಇನ್ನೇನು ಬೇಕು? 1967ರ ಡಿಸೆಂಬರಿನಲ್ಲಿ ಕೊಯ್ನಾ ಕಂಪಿಸಿದಾಗ ಹುಣ್ಣಿಮೆಗೆ ಇನ್ನೂ ಐದಾರು ದಿನವಿತ್ತು, 2015ರ ಏಪ್ರಿಲಿನಲ್ಲಿ ನೇಪಾಳ ಕುಸಿದ ದಿನದ ಚಂದ್ರ ಬರಿಯ ಅರ್ಧಚಂದ್ರ ಎಂಬುದನ್ನು ಮಾತ್ರ ಯಾರೂ ನೆನಪಿಡುವುದಿಲ್ಲ. ಹುಣ್ಣಿಮೆ ಅಮಾವಾಸ್ಯೆಗಳಿಗೆ ಹಿಂದೆ ಎರಡು ದಿನ, ಮುಂದೆ ಎರಡು ದಿನ ಸೇರಿಸಿಕೊಂಡರೆ ತಿಂಗಳಿಗೆ ಹತ್ತು ದಿನವಾಯಿತು. ಚಂದ್ರನಿಗೂ ಭೂಕಂಪಕ್ಕೂ ಯಾವ ನಂಟೂ ಇಲ್ಲದಿದ್ದರೂ ಮೂರರಲ್ಲಿ ಒಂದು ಅವನ ಲೆಕ್ಕಕ್ಕೇ ಬೀಳುತ್ತದೆ.

ಹಾಗೆಂದು ಚಂದ್ರ ಪೂರ್ತಿ ನಿರಪರಾಧಿಯೇನೂ ಅಲ್ಲ. ಕಡಲನ್ನು ಉಬ್ಬಿಸುವ ಅವನ ಸೆಳೆತ ನಾವು ನಿಂತ ನೆಲವನ್ನೂ ದಿನಕ್ಕೆರಡು ಸಲ, ಕೆಲವೆಡೆ ಒಂದಡಿಯವರೆಗೂ, ಎತ್ತಿ ಇಳಿಸುತ್ತದೆ. ನಮಗೆ ತಿಳಿಯುವುದಿಲ್ಲ, ಅಷ್ಟೆ. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಸೂರ್ಯನ ಸೆಳೆತವೂ ಕೂಡಿಕೊಳ್ಳುತ್ತದೆ. ಶತಮಾನಗಳಿಂದ ಬಿಗಿದು ಬಿಗಿದು ಮುರಿಯುವ ಹಂತಕ್ಕೆ ಬಂದ ಶಿಲೆಗೆ ಅದೊಂದು ನೆಪವಾದೀತು. ಸೆಳೆತ ಹೆಚ್ಚಾಗಿರುವ ಹೊತ್ತಿನಲ್ಲಿ ಮೊದಲಾದ ಕಂಪ ದೊಡ್ಡದಾಗಿ ಬೆಳೆಯುವ ಸಂಭವ ಸ್ವಲ್ಪ ಹೆಚ್ಚೆಂದು 2016ರಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿದರು. ಎರಡು ವರ್ಷದ ಮೇಲೆ ಅಮೆರಿಕದ ಸೂಸನ್ ಹಫ್ ಎಂಬ ವಿದುಷಿ, ಮಹಾಕಂಪಗಳಿಗೆ ಮೆಚ್ಚಿನ ದಿನವೋ ಚಂದ್ರನ ಕಳೆಯೋ ಉಂಟೆ ಎಂಬ ಪ್ರಶ್ನೆಯನ್ನೇ ತಲೆಬರಹವಾಗಿಟ್ಟು ಒಂದು ಲೇಖನ ಬರೆದರು. ಅದರ ಸಾರಾಂಶ ಒಂದೇ ಮಾತು: ಇಲ್ಲ. ಇವೆರಡಕ್ಕೂ ಜಗಳವಿಲ್ಲ. ಸೆಳೆತವುಂಟು, ದಿನ ಹೇಳುವಷ್ಟು ಇಲ್ಲ.

ಹಳೆಯ ಜ್ಯೋತಿಷಿಗಳು ಈ ವಿಷಯದಲ್ಲಿ ಇಂದಿನವರಿಗಿಂತ ಎಚ್ಚರವಾಗಿದ್ದರೆಂದು ತೋರುತ್ತದೆ. ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ ಭೂಕಂಪಕ್ಕೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ಕಡಲೊಳಗಿನ ದೊಡ್ಡ ಪ್ರಾಣಿಗಳಿಂದ ಎಂದು ಕೆಲವರು, ಭಾರ ಹೊತ್ತು ದಣಿದ ದಿಗ್ಗಜಗಳಿಂದ ಎಂದು ಕೆಲವರು, ಗಾಳಿಗೆ ಗಾಳಿ ತಾಗಿ ನೆಲಕ್ಕೆ ಬೀಳುವುದರಿಂದ ಎಂದು ಇನ್ನು ಕೆಲವರು—ಹೀಗೆ ಎಲ್ಲರ ಮತವನ್ನೂ ಮೊದಲು ಒಪ್ಪಿಸುತ್ತಾನೆ. ಆಮೇಲೆ, ಕಂಪವಾದ ಹೊತ್ತನ್ನೂ ಅಂದಿನ ನಕ್ಷತ್ರವನ್ನೂ ನೋಡಿ ವಾಯು, ಅಗ್ನಿ, ಇಂದ್ರ, ವರುಣ ಎಂದು ನಾಲ್ಕು ಬಗೆ ಮಾಡಿ, ಯಾವುದರಿಂದ ಯಾವ ನಾಡಿಗೆ ಏನು ಫಲವೆಂದು ಹೇಳುತ್ತಾನೆ. ಅಲ್ಲಿ ಭೂಕಂಪವೇ ಶಕುನ. ಬರುವ ತಿಂಗಳ ಇಂಥ ತಿಥಿಗೆ ಪ್ರಳಯವೆಂದು ಸಾರುವ ಧೈರ್ಯ ನಮ್ಮ ಕಾಲದ್ದು. 1962ರ ಫೆಬ್ರವರಿಯಲ್ಲಿ ಮಕರರಾಶಿಯಲ್ಲಿ ಅಷ್ಟಗ್ರಹಗಳು ಕೂಡಿದಾಗ ದೇಶದ ತುಂಬ ಹೋಮ, ಜಪ, ಭಜನೆ. ಏನೂ ಆಗಲಿಲ್ಲ. ಹೋಮ ಮಾಡಿದ್ದರಿಂದಲೇ ಏನೂ ಆಗಲಿಲ್ಲವೆಂದವರಿಗೆ ಯಾರು ಏನು ಉತ್ತರ ಕೊಟ್ಟಾರು?

ಇದರಲ್ಲಿ ನನ್ನನ್ನು ಕಾಡುವ ಪ್ರಶ್ನೆ ಬೇರೆ. ಬಿಹಾರದ ಭೂಕಂಪ ಅಸ್ಪೃಶ್ಯತೆಯ ಪಾಪಕ್ಕೆ ದೇವರು ವಿಧಿಸಿದ ದಂಡನೆಯೆಂದು ಗಾಂಧೀಜಿ ಹೇಳಿದರು. ಭೌತಿಕ ಉತ್ಪಾತಕ್ಕೆ ಭೌತಿಕ ಕಾರಣವೇ ಇರಬೇಕೆಂದು ರವೀಂದ್ರರು ಪ್ರತಿಭಟಿಸಿದರು. ಆ ಪ್ರತಿಭಟನೆಯನ್ನು ಗಾಂಧೀಜಿಯೇ ತಮ್ಮ ‘ಹರಿಜನ’ದಲ್ಲಿ ಅಚ್ಚು ಹಾಕಿಸಿದರು. ವಾದದಲ್ಲಿ ನಾನು ರವೀಂದ್ರರ ಕಡೆ. ಮುಂಗೇರಿನ ಎಳೆಯ ಕೂಸು ಯಾರ ಪಾಪಕ್ಕೆ ಸತ್ತಿತು? ಆದರೂ ಗಾಂಧೀಜಿಯ ತಪ್ಪಿಗೆ ಒಂದು ಘನತೆಯಿತ್ತು: ನಿಮ್ಮ ನಡತೆಯನ್ನು ನೋಡಿಕೊಳ್ಳಿರೆಂದು ಅದು ಬದುಕಿದ್ದವರನ್ನು ಕೇಳಿತು, ಹೇಳಿದವರನ್ನೂ ಸೇರಿಸಿ. ತಿಥಿಯ ಮೇಲೆ ಹೊರಿಸಿದ ಆರೋಪ ಯಾರನ್ನೂ ಏನನ್ನೂ ಕೇಳುವುದಿಲ್ಲ. ಹೆಚ್ಚೆಂದರೆ ಶಾಂತಿಯ ದಕ್ಷಿಣೆ ಕೇಳೀತು.

1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ನಮ್ಮ ಗಡಿಗೆ ಹತ್ತಿರದ ಕಿಲ್ಲಾರಿಯಲ್ಲಿ ಜನ ಗಣಪತಿಯನ್ನು ನೀರಿಗೆ ಬಿಟ್ಟು ಬಂದು ಮಲಗಿದ್ದರು. ಹುಣ್ಣಿಮೆ ಹತ್ತಿರವಿತ್ತು, ನಿಜ. ಕಂಪದ ಪ್ರಮಾಣ 6.2, ಸುತ್ತಲ ಹಳ್ಳಿಗಳೆಲ್ಲ ಸೇರಿ ಸತ್ತವರು ಹತ್ತು ಸಾವಿರದ ಹತ್ತಿರ. ಅವರನ್ನು ಕೊಂದದ್ದು ಹಸಿಮಣ್ಣಿನಲ್ಲಿ ಇಟ್ಟ ದಪ್ಪ ಕಲ್ಲುಗೋಡೆ, ಅದರ ಮೇಲೆ ಮಣ್ಣು ಹೇರಿದ ಭಾರದ ಮಾಳಿಗೆ. ವಿಜ್ಞಾನಿಗಳ ಭೂಪಟದಲ್ಲಿಯೂ ಆ ಊರು ಅಂದು ಎಲ್ಲಕ್ಕಿಂತ ಕಡಿಮೆ ಅಪಾಯದ ಒಂದನೆಯ ವಲಯದಲ್ಲಿತ್ತು. ತಪ್ಪಿದವರು ಜ್ಯೋತಿಷಿಗಳಷ್ಟೇ ಎಂದು ನಾನು ಹೇಳಲಾರೆ. 2002ರಲ್ಲಿ ಭೂಪಟವನ್ನು ತಿದ್ದಿ ಆ ಪ್ರದೇಶವನ್ನು ಮೂರನೆಯ ವಲಯಕ್ಕೆ ಸೇರಿಸಿದರು. ಅಷ್ಟಗ್ರಹದ ಭವಿಷ್ಯವನ್ನು ಹೀಗೆ ಕುಳಿತು ತಿದ್ದಿದವರನ್ನು ನಾನು ಕಾಣೆ.

ನನ್ನ ಪರಿಚಿತರೊಬ್ಬರು ಇತ್ತೀಚೆಗೆ ತಮ್ಮ ಹಳೆಯ ಮನೆಯ ಮೇಲೆ ಮೂರನೆಯ ಅಂತಸ್ತು ಎಬ್ಬಿಸಿದರು. ಗ್ರಹಣದ ತಿಂಗಳೆಂದು ಕೆಲಸವನ್ನು ಎರಡು ಸಲ ಮುಂದಕ್ಕೆ ಹಾಕಿ, ಮುಹೂರ್ತಕ್ಕಾಗಿ ಇಬ್ಬರು ಜೋಯಿಸರನ್ನು ಕೇಳಿದರು. ಕೆಳಗಿನ ಕಂಬಗಳು ಈ ಭಾರ ಹೊರುತ್ತವೆಯೆ ಎಂದು ಇಂಜಿನಿಯರರನ್ನು ಕೇಳಲಿಲ್ಲ. ಹೇಳಬೇಕೆಂದು ಎರಡು ಸಲ ಬಾಯಿ ತೆರೆದೆ. ಶುಭಕಾರ್ಯದಲ್ಲಿ ಇದೇನು ಅಪಶಕುನದ ಮಾತು ಎಂದಾರೆಂದು ಸುಮ್ಮನಾದೆ. ಗೃಹಪ್ರವೇಶಕ್ಕೆ ಹೋಗಿ ಹೋಳಿಗೆ ಉಂಡು ಬಂದೆ.