ಸಂಶಯವೂ ಶರಣಗುಣವೂ

ಪರರ ಮೇಲಣ ಸಂಶಯವು ಜ್ಞಾನದ ವೇಷ ತೊಟ್ಟು ಬರುವ ಅಜ್ಞಾನ. ಹಳಿಯಾಳದ ಗೃಹಸ್ಥನೊಬ್ಬನು ದಾಂಡೇಲಿಯಲ್ಲಿ ರಾತ್ರಿ ಬಸ್ಸಿಗಾಗಿ ಕಾದು ನಿಂತಿರುವನೆನ್ನಿ. ಅಪರಿಚಿತ ತರುಣನೊಬ್ಬನು ಸಮೀಪಿಸಿ, ಮುಗುಳ್ನಕ್ಕು, “ಯಾವ ಕಡೆ ಹೊಂಟೀರಿ, ಅಣ್ಣಾರ?” ಎನ್ನುತ್ತಾನೆ. ಇವನು ಮೈ ಮಾರಿ ಬದುಕುವವನಿರಬೇಕೆಂದು ಬಗೆದು ಗೃಹಸ್ಥನು ಮುಖ ತಿರುಹುತ್ತಾನೆ. ತರುಣನು ಕತ್ತಲಲ್ಲಿ ಮರೆಯಾಗುತ್ತಾನೆ.

ಆ ಬಗೆ ಸುಳ್ಳಾಗಿದ್ದರೆ, ನಿರಪರಾಧಿಗೆ ಅವಮಾನವಾಯಿತು. ನಿಜವಾಗಿದ್ದರೆ? 12ನೆಯ ಶತಮಾನದ ಸೂಳೆ ಸಂಕವ್ವೆಯನ್ನು ಸದ್ಭಕ್ತರು ಸ್ಮರಿಸಬೇಕು. ಆಕೆಯದು ಒಂದೇ ವಚನ ಉಳಿದಿದೆ, ಅಂಕಿತ ನಿರ್ಲಜ್ಜೇಶ್ವರ. ತನ್ನ ವೃತ್ತಿಯ ಕಟ್ಟುಪಾಡನ್ನೇ ಉಪಮೆಯಾಗಿಸಿ ಆಕೆ ನಿಷ್ಠೆಯನ್ನು ನುಡಿದಳು. ಶರಣಪರಂಪರೆಯು ಆಕೆಯ ವೃತ್ತಿಯನ್ನು ಮರೆಮಾಚಲಿಲ್ಲ. ಆಕೆಯನ್ನು ಹೊರಗೂ ನಿಲ್ಲಿಸಲಿಲ್ಲ.

ಹಾಗಾದರೆ ಎಲ್ಲ ವೃತ್ತಿಯೂ ಕಾಯಕವೇ? ಅಲ್ಲ, ಕಾಯಕಕ್ಕೆ ಶುದ್ಧಿ ಬೇಕು. ಆದರೆ ವ್ಯವಹಾರವನ್ನು ಒಲ್ಲೆನೆನ್ನುವುದು ಬೇರೆ, ಮನುಷ್ಯನನ್ನೇ ಒಲ್ಲೆನೆನ್ನುವುದು ಬೇರೆ. ಈ ವೃತ್ತಿಯವರಿಗೂ ಘನತೆಯಿಂದ ಬಾಳುವ ಹಕ್ಕುಂಟೆಂದು ಸರ್ವೋಚ್ಚ ನ್ಯಾಯಾಲಯವು 2022ರ ಮೇ ತಿಂಗಳಲ್ಲಿ ಹೇಳಿತು. ಮಾರುವವರಿಗೆ ಹೀನನಾಮಗಳನ್ನಿಟ್ಟ ಲೋಕವು ಕೊಳ್ಳುವವನಿಗೆ ಅಷ್ಟಾಗಿ ಇಡಲಿಲ್ಲವೆಂಬುದು ವಿಚಾರಾರ್ಹ.

“ಊರಿಗೆ ಹೊಂಟೇನಪಾ, ನಿಂದು ಊಟ ಆತೇನು?” ಎಂದಿದ್ದರೆ ಆ ಗೃಹಸ್ಥನ ಶೀಲಕ್ಕೆ ಕುಂದೇನು ಬರುತ್ತಿತ್ತು? ಅವನು ಕೇಳಿದ್ದನ್ನು ಕೊಡಬೇಕಾಗಿರಲಿಲ್ಲ. ಕೇಳಿದುದಕ್ಕೆ ಉತ್ತರ ಕೊಡಬಹುದಾಗಿತ್ತು. ತನ್ನ ಅಂಗದ ಮೇಲೆ ಲಿಂಗವನ್ನು ಧರಿಸಿದವನು ಎದುರಿಗಿದ್ದವನ ಅಂಗದಲ್ಲಿಯೂ ಚೈತನ್ಯವನ್ನು ಕಾಣಬೇಡವೇ? ಕತ್ತಲಲ್ಲಿ ನಡೆದ ಪರೀಕ್ಷೆ ತರುಣನದಲ್ಲ, ಭಕ್ತನದು.